ನೀರಿನ ಹಕ್ಕಿ, ಹಿತ್ತಿಲ ಬದುಕು

ಬಾತುಕೋಳಿ ಸಾಕುವುದು ಕೋಳಿ ಸಾಕುವುದಕ್ಕಿಂತ ಸುಲಭ ಎಂಬ ಮಾತನ್ನು ಎಷ್ಟು ಕಡೆ ಕೇಳಿದ್ದೇನೋ ಲೆಕ್ಕವಿಲ್ಲ. ತರಬೇತಿಗಳಲ್ಲಿ ಹೇಳುತ್ತಾರೆ, ಕೃಷಿಮೇಳದ ಕರಪತ್ರಗಳಲ್ಲಿ ಅಚ್ಚು ಹಾಕಿಸುತ್ತಾರೆ. ರೋಗ ಕಡಿಮೆ, ಗೂಡಿಗೆ ಹೆಚ್ಚು ಖರ್ಚಿಲ್ಲ, ಸಿಕ್ಕಿದ್ದನ್ನು ತಿನ್ನುತ್ತವೆ, ಮಳೆಗೆ ಅಂಜುವುದಿಲ್ಲ, ಬೆಳಿಗ್ಗೆ ಒಂಬತ್ತರೊಳಗೆ ಮೊಟ್ಟೆ ಇಟ್ಟು ಮುಗಿಸುತ್ತವೆ. ಇವುಗಳಲ್ಲಿ ಒಂದೂ ಸುಳ್ಳಲ್ಲ. ಆದರೂ ಬ್ರಹ್ಮಾವರ ಸೀಮೆಯ ನಮ್ಮ ಮನೆಯ ಹಿತ್ತಿಲಿನಲ್ಲಿ ಕೆಲವು ವರ್ಷಗಳಿಂದ ಇವುಗಳ ಜೊತೆ ಬದುಕುತ್ತಿರುವ ನನಗೆ ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಒಳಗೊಳಗೇ ಕಸಿವಿಸಿಯಾಗುತ್ತದೆ. ಯಾರಿಗೆ ಸುಲಭ, ಎಲ್ಲಿ ಸುಲಭ ಎಂದು ಯಾರೂ ಬಿಡಿಸಿ ಹೇಳುವುದಿಲ್ಲ.

ನನಗೆ ತೋರುವಂತೆ ಈ ಮಾತು ಹುಟ್ಟಿದ್ದು ಬಯಲಿನಲ್ಲಿ. ಕೇರಳದ ಕುಟ್ಟನಾಡಿನಲ್ಲಿ ಕೊಯ್ಲು ಮುಗಿದ ಗದ್ದೆಗಳಿಗೆ ಸಾವಿರಗಟ್ಟಲೆ ಬಾತುಗಳನ್ನು ಇಳಿಸುತ್ತಾರೆ. ಚಾರ, ಚೆಂಬಲ್ಲಿ ಎಂಬ ಅಲ್ಲಿಯ ನಾಟಿ ತಳಿಗಳು ಉದುರಿದ ಭತ್ತ, ಬಸವನಹುಳು, ಸಣ್ಣ ಮೀನು, ನೀರಹುಳು ತಿನ್ನುತ್ತಾ ಒಂದು ಗದ್ದೆಯಿಂದ ಇನ್ನೊಂದಕ್ಕೆ ಸಾಗುತ್ತವೆ. ಕೋಲು ಹಿಡಿದ ಒಬ್ಬಿಬ್ಬರು ಹಿಂದೆ ನಡೆಯುತ್ತಾರೆ. ನಮ್ಮ ಕಾವೇರಿ ಬಯಲಿನಲ್ಲೂ ಸುಗ್ಗಿಯ ನಂತರ ಹೀಗೆ ಹೊರಗಿನಿಂದ ಬಂದ ಹಿಂಡುಗಳು ಕಾಣಸಿಗುತ್ತವೆ. ಅಲ್ಲಿ ಹಕ್ಕಿಗೆ ಬೇಕಾದುದನ್ನೆಲ್ಲ ನೆಲ ಮತ್ತು ನೀರು ಕೊಡುತ್ತವೆ, ಮನುಷ್ಯ ಜೊತೆಗೆ ನಡೆದರೆ ಸಾಕು. ನಡಿಗೆಯೇನೂ ಹಗುರವಲ್ಲ. ವರ್ಷದಲ್ಲಿ ಎಷ್ಟೋ ತಿಂಗಳು ಮನೆ ಬಿಟ್ಟು ಗದ್ದೆಯಂಚಿನಲ್ಲಿ ಮಲಗುವ ಕುಟುಂಬಗಳ ಕಷ್ಟ ಬೇರೆಯೇ ಇದೆ. ಆದರೆ ಅವರ ಹಕ್ಕಿ ಒಂದೇ ಕಡೆ ನಿಲ್ಲುವುದಿಲ್ಲ. ಹಿತ್ತಿಲಿಗೆ ಬಂದ ಬಾತು ನಿಂತುಬಿಡುತ್ತದೆ. ಆಗ ಗದ್ದೆ, ಕೆರೆ, ಕೆಸರು, ಹುಳು ಎಲ್ಲವನ್ನೂ ಮನೆಯವರೇ ಅದರ ಬಳಿಗೆ ತರಬೇಕಾಗುತ್ತದೆ.

ನೀರು

ಕೋಳಿಗೆ ಕುಡಿಯಲು ಒಂದು ಚಿಪ್ಪು ನೀರಾದರೂ ನಡೆಯುತ್ತದೆ. ಬಾತಿಗೆ ತಲೆ ಮುಳುಗುವಷ್ಟು ಆಳ ಬೇಕು. ಅದು ಮೂಗಿನ ಹೊಳ್ಳೆಗಳನ್ನೂ ಕಣ್ಣುಗಳನ್ನೂ ತೊಳೆದುಕೊಳ್ಳುವುದು ನೀರಿನಲ್ಲೇ. ನೀರಿಲ್ಲದೆ ಒಣ ತಿಂಡಿ ಹಾಕಿದರೆ ಗಂಟಲಲ್ಲಿ ಸಿಕ್ಕಿಕೊಂಡು ಒದ್ದಾಡುತ್ತದೆ. ಒಂದು ಬಾಯಿ ತೌಡು, ಒಂದು ಬಾಯಿ ನೀರು, ಮತ್ತೆ ತೌಡು, ಮತ್ತೆ ನೀರು. ಹೀಗೆ ಓಡಾಡುತ್ತಲೇ ತಿನ್ನುತ್ತದೆ. ಹತ್ತಿರ ಕುಳಿತು ನೋಡಿದರೆ ಕೊಕ್ಕಿನ ಒಳ ಅಂಚಿನುದ್ದಕ್ಕೂ ಬಾಚಣಿಗೆಯ ಹಲ್ಲಿನಂತೆ ಸಣ್ಣ ಸಾಲು ಕಾಣುತ್ತದೆ. ನೀರು ತುಂಬಿಕೊಂಡು, ನಾಲಗೆಯಿಂದ ಒತ್ತಿ, ನೀರನ್ನು ಹೊರಗೆ ಬಿಟ್ಟು, ಸಿಕ್ಕಿದ ಕಾಳನ್ನೂ ಹುಳುವನ್ನೂ ಒಳಗೆ ಉಳಿಸಿಕೊಳ್ಳುವ ವ್ಯವಸ್ಥೆ ಅದು. ಇಷ್ಟು ಚೆಂದದ ಬಾಯಿ ಇರುವ ಜೀವಿಗೆ ಪ್ಲಾಸ್ಟಿಕ್ ಬೋಗುಣಿಯಲ್ಲಿ ಒಂದಿಷ್ಟು ನೀರಿಟ್ಟು ಸಾಕಿದೆವೆಂದರೆ ನನಗೆ ಮನಸ್ಸು ಒಪ್ಪುವುದಿಲ್ಲ.

ಹೊಸದಾಗಿ ತುಂಬಿಸಿದ ತೊಟ್ಟಿ ಅರ್ಧ ಗಂಟೆಯಲ್ಲಿ ಕಾಫಿ ಬಣ್ಣಕ್ಕೆ ತಿರುಗುತ್ತದೆ. ಏಳೆಂಟು ಬಾತುಗಳಿದ್ದರೆ ದಿನಕ್ಕೆ ಎರಡು ಸಲವಾದರೂ ಬಗ್ಗಿಸಿ, ತಿಕ್ಕಿ, ತುಂಬಿಸಬೇಕು. ಜೂನ್‌ನಿಂದ ಅಕ್ಟೋಬರ್‌ವರೆಗೆ ನಮ್ಮಲ್ಲಿ ಈ ಚಿಂತೆಯಿಲ್ಲ. ಮನೆಯ ಕೆಳಗಿನ ತೋಡು ತುಂಬಿ ಹರಿಯುತ್ತದೆ, ಆಕಾಶವೇ ತೊಟ್ಟಿ ತುಂಬಿಸುತ್ತದೆ. ಏಪ್ರಿಲ್ ಬಂತೆಂದರೆ ತೋಡಿನಲ್ಲಿ ಬರೀ ಕಲ್ಲು. ಬಾವಿಯಲ್ಲಿ ಪಂಪು ಕೆಸರು ಎಳೆಯತೊಡಗುತ್ತದೆ. ಮನೆಯ ಪಾತ್ರೆ, ಬಟ್ಟೆ, ದನದ ಕುಡಿಯುವ ನೀರು, ಅಡಿಕೆ ಸಸಿ, ಇವುಗಳ ಸಾಲಿನಲ್ಲಿ ಬಾತಿನ ತೊಟ್ಟಿ ಎಲ್ಲಿ ನಿಲ್ಲಬೇಕು ಎಂಬುದು ಪ್ರತಿ ಬೇಸಿಗೆಯ ಪ್ರಶ್ನೆ. ನಮ್ಮ ಅತ್ತೆ ಇದಕ್ಕೊಂದು ದಾರಿ ಕಂಡುಕೊಂಡಿದ್ದಾರೆ. ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಎಲ್ಲವೂ ಮೊದಲು ಬಾತಿನ ತೊಟ್ಟಿಗೆ. ತೊಟ್ಟಿ ಬಗ್ಗಿಸಿದ ನೀರು ಕಾಲುವೆಯಲ್ಲಿ ಹರಿದು ಬಾಳೆಗೆ, ತೊಂಡೆ ಚಪ್ಪರಕ್ಕೆ, ಅಲ್ಲಿಂದ ಕೆಸುವಿನ ಪಾತಿಗೆ. ಆ ಕೆಸುವಿನ ಎಲೆಗಳನ್ನು ನೋಡಬೇಕು, ಪತ್ರೊಡೆಗೆ ಎರಡೇ ಎಲೆ ಸಾಕು ಎನ್ನುವಷ್ಟು ಅಗಲ. ಬಾತಿನ ಹಿಕ್ಕೆ ಕರಗಿದ ನೀರಿಗಿಂತ ಒಳ್ಳೆಯ ಗೊಬ್ಬರವನ್ನು ನಾನು ಕಂಡಿಲ್ಲ.

ಆದರೆ ನೀರನ್ನು ಹೊರುವವರು ಯಾರು? ಕರಪತ್ರಗಳಲ್ಲಿ ‘ಮಹಿಳೆಯರಿಗೆ ಸೂಕ್ತ ಉಪಕಸುಬು’ ಎಂದು ಬರೆದಿರುತ್ತದೆ. ಕೊಡ, ಬಕೆಟ್, ಪೊರಕೆ, ಗೂಡಿನ ಒದ್ದೆ ಹುಲ್ಲು, ಸಂಜೆಯ ಕಾಯುವಿಕೆ, ಇವೆಲ್ಲ ಹೆಂಗಸರ ದಿನದೊಳಗೆ ಕರಗಿಹೋಗುತ್ತವೆ. ತೌಡಿನ ಖರ್ಚು, ಮೊಟ್ಟೆಯ ಆದಾಯ ಎಂದು ಎರಡು ಸಾಲು ಬರೆದು ಲಾಭ ತೋರಿಸುವ ಲೆಕ್ಕದಲ್ಲಿ ಈ ಗಂಟೆಗಳಿಗೆ ಜಾಗವೇ ಇಲ್ಲ. ಬಾತು ಸಾಕುವುದು ಸುಲಭ ಎಂದಾಗ ನನಗೆ ಆಗುವ ಕಸಿವಿಸಿಯ ಮೂಲ ಇದೇ. ಮನೆಯ ಎಲ್ಲರೂ ಕೈ ಹಾಕಿದರೆ ಮಾತ್ರ ಇದು ಸಂತೋಷದ ಕೆಲಸ. ಒಬ್ಬರ ತಲೆಗೆ ಕಟ್ಟಿದರೆ ಜೀತ. ನಮ್ಮ ಮನೆಯಲ್ಲಿ ಬೆಳಗಿನ ತೊಟ್ಟಿ ನನ್ನದು, ಸಂಜೆಯದು ಗಂಡನದು, ಗೂಡಿಗೆ ತರಗೆಲೆ ಹಾಸುವುದು ಮಗಳದು. ಹಾಗಿರುವುದರಿಂದಲೇ ಇವು ಇನ್ನೂ ನಮ್ಮ ಹಿತ್ತಿಲಿನಲ್ಲಿವೆ.

ಕಾವು ಕೂರದ ತಾಯಿ

ನಮ್ಮಲ್ಲಿರುವುದು ಖಾಕಿ ಕ್ಯಾಂಪ್‌ಬೆಲ್. ಬೆಂಗಳೂರಿನ ಹೆಸರಘಟ್ಟದ ಕೇಂದ್ರೀಯ ಕುಕ್ಕುಟ ಅಭಿವೃದ್ಧಿ ಸಂಸ್ಥೆಯಲ್ಲಿ ಬೆಳೆಸುವ ತಳಿಯೂ ಇದೇ. ಹತ್ತೊಂಬತ್ತನೇ ಶತಮಾನದ ಕೊನೆಗೆ ಇಂಗ್ಲೆಂಡಿನ ಗ್ಲೌಸ್ಟರ್‌ಶೈರ್‌ನಲ್ಲಿ ಅಡೆಲ್ ಕ್ಯಾಂಪ್‌ಬೆಲ್ ಎಂಬಾಕೆ ತಮ್ಮ ಮನೆಯ ಬಾತುಗಳನ್ನು ಬೇರೆ ಬೇರೆ ತಳಿಗಳ ಜೊತೆ ಕೂಡಿಸಿ ಇದನ್ನು ರೂಪಿಸಿದರು. ಒಳ್ಳೆಯ ಆರೈಕೆ ಸಿಕ್ಕರೆ ವರ್ಷಕ್ಕೆ 300ರ ಹತ್ತಿರ ಮೊಟ್ಟೆ ಇಡುತ್ತದೆ. ಕೋಳಿಮೊಟ್ಟೆಗಿಂತ ದೊಡ್ಡದು, ಚಿಪ್ಪು ಗಟ್ಟಿ, ಹಳದಿ ದಟ್ಟ. (ಬೂತಾಯಿಯ ತಲೆ, ಕರುಳು ಹೆಚ್ಚು ಹಾಕಿದರೆ ಮೊಟ್ಟೆಯೇ ಮೀನು ನಾರುತ್ತದೆ. ಕರಾವಳಿಯವರು ಇದನ್ನು ನೆನಪಿಡಬೇಕು.) ಅಷ್ಟು ಮೊಟ್ಟೆ ಇಡುವ ಈ ಹಕ್ಕಿ ಕಾವಿಗೆ ಕೂರುವುದನ್ನು ಬಹುಮಟ್ಟಿಗೆ ಬಿಟ್ಟುಬಿಟ್ಟಿದೆ. ಕಾವು ಕೂತರೆ ಮೊಟ್ಟೆ ನಿಲ್ಲುತ್ತದೆ ಎಂದು ಮನುಷ್ಯರು ಕೂರದಿರುವವುಗಳನ್ನೇ ಆರಿಸುತ್ತಾ ಬಂದರು. ಬೆಳಿಗ್ಗೆ ಹುಲ್ಲಿನ ಮೇಲೆ ಮೊಟ್ಟೆ ಇಟ್ಟು, ಒಮ್ಮೆಯೂ ತಿರುಗಿ ನೋಡದೆ ತೋಡಿನ ಕಡೆ ಓಡುತ್ತದೆ. ನೋಡುತ್ತಾ ನಿಂತರೆ ಸಂಕಟವಾಗುತ್ತದೆ. ನಾವು ಅದರಿಂದ ತೆಗೆದುಕೊಂಡದ್ದು ಮೊಟ್ಟೆಯೊಂದೇ ಅಲ್ಲ.

ಹಾಗಾಗಿ ಮರಿ ಬೇಕೆಂದರೆ ಕಾವಿಗೆ ಕೂತ ನಾಟಿ ಹೇಂಟೆಯನ್ನು ಹುಡುಕಬೇಕು. ಒಂದು ವರ್ಷ ನಮ್ಮ ಕಪ್ಪು ಹೇಂಟೆ ಸೌದೆ ಕೊಟ್ಟಿಗೆಯ ಮೂಲೆಯಲ್ಲಿ ಕೂತಿತ್ತು. ಅತ್ತೆ ಹಳೆಯ ಹೆಡಿಗೆಯಲ್ಲಿ ಬೈಹುಲ್ಲು ಹಾಸಿ, ರಾತ್ರಿ ಹೊತ್ತು ಸದ್ದಿಲ್ಲದೆ ಅದರ ಕೆಳಗೆ ಬಾತಿನ ಮೊಟ್ಟೆಗಳನ್ನು ಸರಿಸಿದರು. ಕೋಳಿಮೊಟ್ಟೆ ಒಡೆಯಲು 21 ದಿನ, ಬಾತಿನದಕ್ಕೆ 28. ಇನ್ನೂ ಒಂದು ವಾರ ಹೆಚ್ಚು ಕೂರುತ್ತದೆಯೇ ಎಂಬುದೇ ನನ್ನ ಭಯ. ಅತ್ತೆಗೆ ಆ ಭಯವಿರಲಿಲ್ಲ. ದಿನಕ್ಕೊಮ್ಮೆ ಹೇಂಟೆಯನ್ನು ಎತ್ತಿ ಹೊರಗೆ ಬಿಟ್ಟು, ನುಚ್ಚು ಹಾಕಿ, ಅದು ತಿಂದು ಮಣ್ಣಿನಲ್ಲಿ ಹೊರಳಿ ಬರುವಷ್ಟರಲ್ಲಿ ಮೊಟ್ಟೆಗಳ ಮೇಲೆ ಬೆರಳ ತುದಿಯಿಂದ ಉಗುರು ಬೆಚ್ಚಗಿನ ನೀರು ಚಿಮುಕಿಸುತ್ತಿದ್ದರು. ‘ಬಾತು ತಾಯಿ ನೀರಿನಿಂದ ಎದ್ದು ಒದ್ದೆ ಮೈಯಲ್ಲೇ ಬಂದು ಕೂರುತ್ತದೆ. ಇದಕ್ಕೆ ಆ ಒದ್ದೆ ಎಲ್ಲಿಂದ ಬರಬೇಕು?’ ಎಂದರು. ಇನ್‌ಕ್ಯುಬೇಟರ್‌ನಲ್ಲಿ ತೇವಾಂಶ ಹೆಚ್ಚಿಸಿಡುವುದೂ ಇದೇ ಕಾರಣಕ್ಕೆ.

ಕೊನೆಯ ದಿನಗಳಲ್ಲಿ ಮೊಟ್ಟೆಯನ್ನು ಕಿವಿಗೆ ಹಿಡಿದರೆ ಒಳಗಿನಿಂದ ಕೆರೆಯುವ, ಚಿಂವ್‌ಗುಟ್ಟುವ ಸದ್ದು. ಮೊದಲ ಬಿರುಕು ಕಂಡ ಮೇಲೂ ಮರಿ ಹೊರಬರಲು ಒಂದು ದಿನಕ್ಕಿಂತ ಹೆಚ್ಚು ತೆಗೆದುಕೊಂಡಿತು. ನಾನು ಚಿಪ್ಪು ಬಿಡಿಸಲು ಕೈ ಚಾಚಿದಾಗ ಅತ್ತೆ ತಡೆದರು. ‘ಒಳಗೆ ರಕ್ತ ಇನ್ನೂ ಹೀರಿಕೊಂಡಿರುವುದಿಲ್ಲ. ಅದರ ಹೊತ್ತಿಗೆ ಅದು ಬರುತ್ತದೆ, ನೀನು ಹೋಗಿ ಗಂಜಿ ಉಣ್ಣು’ ಎಂದರು. ಮರುದಿನ ಬೆಳಿಗ್ಗೆ ಹೇಂಟೆಯ ಎದೆಗರಿಯ ನಡುವಿನಿಂದ ಒಂದು ಚಪ್ಪಟೆ ಕೊಕ್ಕು ಹೊರಗೆ ಬಂದು, ಗಾಳಿಯನ್ನೇ ನೀರೆಂದುಕೊಂಡಂತೆ ಕಚಕಚನೆ ಅಗಿಯಿತು.

ಹೇಂಟೆ ಸಾಕಿದ ಬಾತುಮರಿಗಳನ್ನು ಮೊದಲ ಕೆಲವು ವಾರ ಆಳದ ನೀರಿಗೆ ಬಿಡಬಾರದು. ಬಾತಿನ ಬಾಲದ ಬುಡದಲ್ಲಿ ಎಣ್ಣೆಯ ಗ್ರಂಥಿ ಇರುತ್ತದೆ. ತಾಯಿಬಾತಿನ ಗರಿಯ ಎಣ್ಣೆ ಮರಿಗಳ ನುಣುಪು ತುಪ್ಪಳಕ್ಕೂ ತಾಗುತ್ತದೆ. ಹೇಂಟೆಯ ಅಡಿಯಲ್ಲಿ ಹುಟ್ಟಿದ ಮರಿಗೆ ಆ ರಕ್ಷೆ ಇಲ್ಲ. ನೆನೆದು, ಚಳಿ ಹಿಡಿದು ಸಾಯುತ್ತದೆ. ಕೋಳಿಮರಿಯ ತಿಂಡಿ ಮಾತ್ರ ಹಾಕಿದರೆ ನಯಾಸಿನ್ ಎಂಬ ಜೀವಸತ್ವ ಸಾಲದೆ ಕಾಲು ಸೊಟ್ಟಗಾಗುವುದೂ ಉಂಟು, ಅದಕ್ಕೆ ಯೀಸ್ಟ್ ಪುಡಿ ಬೆರೆಸಬೇಕು. ಆಮೇಲೆ ಮರಿಗಳು ತೋಡಿಗೆ ಇಳಿದ ದಿನ ಹೇಂಟೆ ದಂಡೆಯಲ್ಲಿ ಅರಚುತ್ತಾ ಓಡಾಡಿತು. ಅದನ್ನು ಬಹಳ ಜನ ಕಂಡಿದ್ದಾರೆ, ಹೇಳಿದ್ದಾರೆ. ನನ್ನ ಮನಸ್ಸಿನಲ್ಲಿ ಉಳಿದದ್ದು ಅದರ ನಂತರದ ದಿನಗಳು. ಕೆಲವೇ ದಿನಗಳಲ್ಲಿ ಅದು ಅರಚುವುದನ್ನು ಬಿಟ್ಟಿತು. ಮರಿಗಳು ನೀರಿನಲ್ಲಿರುವಷ್ಟು ಹೊತ್ತು ದಂಡೆಯ ತರಗೆಲೆ ಕೆದಕುತ್ತಾ, ಎರೆಹುಳ ಸಿಕ್ಕಾಗ ಕೊಕ್ ಕೊಕ್ ಎಂದು ಕರೆಯುತ್ತಿತ್ತು. ಅವು ಒದ್ದೆ ಮೈಯಲ್ಲಿ ಎದ್ದು ಬಂದು, ಹುಳ ತಿಂದು, ಮತ್ತೆ ನೀರಿಗೆ. ರಾತ್ರಿ ರೆಕ್ಕೆಯಡಿ ಹಿಡಿಯಲಾಗದಷ್ಟು ಬೆಳೆದ ಮೇಲೂ ಮರಿಗಳು ತಲೆಯನ್ನಷ್ಟೇ ಅದರ ಗರಿಯೊಳಗೆ ತೂರಿಸಿ, ಮೈಯನ್ನೆಲ್ಲ ಹೊರಗೆ ಬಿಟ್ಟು ಮಲಗುತ್ತಿದ್ದವು. ಹೇಂಟೆ ಮಿಸುಕದೆ ಕೂತಿರುತ್ತಿತ್ತು. ಆ ಹೇಂಟೆಯ ಮೇಲೆ ನನಗೆ ಇಂದಿಗೂ ಬಹಳ ಗೌರವ.

ಗದ್ದೆಯವರ ಒಪ್ಪಿಗೆ

ಬಾತು ಸಾಕುವವರು ನೆರೆಹೊರೆಯವರ ಮನಸ್ಸನ್ನೂ ನೋಡಿಕೊಳ್ಳಬೇಕಾಗುತ್ತದೆ. ತೋಡಿನ ಆಚೆ ಬೈಲುಗದ್ದೆ. ನಾವು ಮೊದಲ ಮರಿಗಳನ್ನು ತಂದ ಮಳೆಗಾಲದಲ್ಲೇ ಗದ್ದೆಯ ಯಜಮಾನರು ಅಂಗಳಕ್ಕೆ ಬಂದು, ‘ಅಮ್ಮ, ನೇಜಿ ನೆಟ್ಟಿದ್ದೇನೆ. ನಿಮ್ಮ ಬಾತುಗಳು ಆಚೆ ದಾಟಬಾರದು’ ಎಂದು ಖಡಾಖಂಡಿತ ಹೇಳಿದರು. ಅವರ ಮಾತು ನ್ಯಾಯವಾದದ್ದೇ. ನೇಜಿ ಎಂದರೆ ಭತ್ತದ ಸಸಿ, ಬೇರು ಹಿಡಿಯುವ ಮೊದಲು ಅದನ್ನು ಬಾತು ಕಿತ್ತು ತೇಲಿಸುತ್ತದೆ. ನಾವು ಬಲೆ ಕಟ್ಟಿದೆವು.

ಜಪಾನಿನ ತಕಾವೊ ಫುರುನೊ ಎಂಬ ರೈತ 1988ರಿಂದ ಭತ್ತದ ಗದ್ದೆಯಲ್ಲಿ ಬಾತು ಬಿಟ್ಟು ಕಳೆ, ಕೀಟಗಳನ್ನು ನಿಭಾಯಿಸುತ್ತಾ ಬಂದ ಸಂಗತಿಯನ್ನು ನಾನು ಅವರಿಗೆ ಒಂದು ದಿನ ಹೇಳಿದೆ. ನಾಟಿಯಾಗಿ ಒಂದೆರಡು ವಾರ ಕಳೆದು ಬೇರು ಕಚ್ಚಿದ ಮೇಲೆ ಮರಿಬಾತುಗಳನ್ನು ಬಿಡುವುದು, ತೆನೆ ಮೂಡುವ ಹೊತ್ತಿಗೆ ಹೊರಗೆ ತರುವುದು. ಅವು ಕಳೆಯ ಮೊಳಕೆ ತಿನ್ನುತ್ತವೆ, ಕಾಲಿನಿಂದ ನೀರು ಕದಡುತ್ತಲೇ ಇರುವುದರಿಂದ ಬೆಳಕು ಕಾಣದೆ ಹೊಸ ಕಳೆ ಏಳುವುದಿಲ್ಲ, ಹಿಕ್ಕೆ ಗೊಬ್ಬರವಾಗುತ್ತದೆ. ಅವರು ಹೂಂ ಎನ್ನಲೂ ಇಲ್ಲ, ಉಹೂಂ ಎನ್ನಲೂ ಇಲ್ಲ. ಮುಂದಿನ ಮಳೆಗಾಲದಲ್ಲಿ ತೋಡಿಗೆ ತಾಗಿದ ಒಂದು ಸಣ್ಣ ಗದ್ದೆಯನ್ನು ತೋರಿಸಿ, ‘ಇದಕ್ಕೆ ಮಾತ್ರ’ ಎಂದರು. ಆಗಸ್ಟಿನಲ್ಲಿ ಆ ಗದ್ದೆಯ ಅಂಚಿನಲ್ಲಿ ಇಬ್ಬರೂ ನಿಂತು ನೋಡಿದೆವು. ಬಾತುಗಳು ಸಾಲುಗಳ ನಡುವೆ ಕತ್ತು ನೀಡಿ, ಪೈರಿನ ಬುಡಕ್ಕೆ ಅಂಟಿದ ಬಸವನಹುಳುಗಳನ್ನು ಬಿಡಿಸುತ್ತಾ ಹೋಗುತ್ತಿದ್ದವು. ಸಣ್ಣ ಏಡಿ ಸಿಕ್ಕರೆ ಒಂದು ಓಡುತ್ತಿತ್ತು, ಉಳಿದವು ಹಿಂಬಾಲಿಸುತ್ತಿದ್ದವು. ಭತ್ತದ ದಂಟು ಒಂದೂ ಮುರಿದಿರಲಿಲ್ಲ. ಪಕ್ಕದ ಗದ್ದೆಯಲ್ಲಿ ಕಳೆ ಕೀಳುವ ಹೆಂಗಸರು ಸೊಂಟ ಬಗ್ಗಿಸಿದ್ದರು. ಯಜಮಾನರು ಬಹಳ ಹೊತ್ತು ನೋಡಿ, ‘ಇವಕ್ಕೆ ಕೂಲಿ ಎಷ್ಟು ಕೊಡಬೇಕು?’ ಎಂದು ಕೇಳಿದರು. ಸುಗ್ಗಿಯ ಮೇಲೆ ಒಂದು ಮುಡಿ ಜೊಳ್ಳು, ನುಚ್ಚು ನಮ್ಮ ಕೊಟ್ಟಿಗೆಗೆ ಬಂದಿತು.

ಇದಕ್ಕೊಂದು ಷರತ್ತಿದೆ, ಅದರಲ್ಲಿ ರಾಜಿಯಿಲ್ಲ. ಆ ಗದ್ದೆಗೂ ಮೇಲಿನ ಗದ್ದೆಗಳಿಗೂ ಕೀಟನಾಶಕ ಬೀಳಬಾರದು. ನೀರು ಒಂದರಿಂದ ಒಂದಕ್ಕೆ ಇಳಿಯುತ್ತದೆ. ವಿಷ ತಾಗಿದ ಹುಳುವನ್ನು ಮೊದಲು ನುಂಗುವುದು ಬಾತು. ಸುತ್ತಲಿನ ಗದ್ದೆಗಳು ಒಂದೊಂದಾಗಿ ಬೇಸಾಯವಿಲ್ಲದೆ ಹಡಿಲು ಬೀಳುತ್ತಿರುವ ನಮ್ಮ ಊರಿನಲ್ಲಿ ಇನ್ನೂ ನೇಜಿ ನೆಡುವ ಒಬ್ಬರಿದ್ದಾರೆ ಎಂಬುದೇ ನನ್ನ ಬಾತುಗಳ ಭಾಗ್ಯ.

ಸಂಜೆ

ಕತ್ತಲಾಗುವ ಮೊದಲೇ ಕೋಳಿಗಳು ತಾವಾಗಿಯೇ ಗೂಡು ಸೇರುತ್ತವೆ. ಬಾತುಗಳಿಗೆ ರಾತ್ರಿ ಎಂದರೆ ಇನ್ನೊಂದಿಷ್ಟು ಎರೆಹುಳ ಸಿಗುವ ಸಮಯ. ಕರೆದು, ಹಿಂದೆ ನಡೆದು, ಕೈ ಚಾಚಿ ದಾರಿ ತೋರಿಸಿ ತರಬೇಕು. ಹೆದರಿಸಿ ಚದುರಿಸಿದರೆ ಕೆಲಸ ಕೆಟ್ಟಿತು. ಮುಂದಿನದೊಂದು ತಿರುಗಿದರೆ ಎಲ್ಲವೂ ತಿರುಗುತ್ತವೆ. ಹಾಗಾಗಿ ಆರೂವರೆಗೆ ಮನೆಯಲ್ಲಿ ಯಾರಾದರೂ ಇರಲೇಬೇಕು. ಮದುವೆಯ ಆರತಕ್ಷತೆ, ಜಾತ್ರೆ, ಯಕ್ಷಗಾನದ ಆಟ ಎಲ್ಲಕ್ಕೂ ಒಬ್ಬರು ಹಿಂದೆ ಉಳಿಯುತ್ತೇವೆ.

ನಾಯಿಗಳು ಬಂದದ್ದು ಅಂಥ ಕಟ್ಟುನಿಟ್ಟಿನ ನಡುವೆಯೇ, ಹಾಡಹಗಲಲ್ಲಿ. ಮೂರು ಬೀದಿನಾಯಿಗಳು ತೋಡಿನ ಕಡೆಯಿಂದ ನುಗ್ಗಿದವು. ನಾವು ಕೂಗುತ್ತಾ ಓಡುವಷ್ಟರಲ್ಲಿ ಎರಡು ಹೆಣ್ಣುಗಳು ಹೋಗಿದ್ದವು. ಉಳಿದವು ಕೆಸುವಿನ ಪಾತಿಯೊಳಗೆ ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದವು, ಒಂದು ಸದ್ದಿಲ್ಲ. ಸತ್ತ ಒಂದರ ಜೊತೆಗೇ ಸದಾ ಓಡಾಡುತ್ತಿದ್ದ ಹೆಣ್ಣುಬಾತು ಆಮೇಲೆ ಹಲವು ದಿನ ತೋಡಿನ ಅಂಚಿಗೆ ಹೋಗಿ ಕೂಗಿತು. ಗಟ್ಟಿಯಾಗಿ ಕೂಗುವುದು ಹೆಣ್ಣೇ, ಗಂಡಿನ ದನಿ ಒರಟು ಪಿಸುಮಾತಿನಷ್ಟೇ. ಆ ಕೂಗು ಅಡುಗೆಮನೆಯವರೆಗೂ ಕೇಳುತ್ತಿತ್ತು. ಮಗಳು ಊಟ ಬಿಟ್ಟು ಏಳುತ್ತಿದ್ದಳು. ಆ ನಂತರ ಹಗಲಿನ ಆವರಣಕ್ಕೂ ಕಲ್ಲಿನ ಅಡಿಪಾಯ ಹಾಕಿ ಬಲೆ ಬಿಗಿದಿದ್ದೇವೆ. ಮುಂಗುಸಿ, ನರಿ, ಹೆಬ್ಬಾವು ಇರುವ ಊರು ಇದು. ರಾತ್ರಿಯ ಗೂಡಿಗೆ ಮೊದಲೇ ಬಿಗಿ ಬಾಗಿಲಿತ್ತು.

ರಾತ್ರಿ ಟಾರ್ಚ್ ಹಾಕದೆ ನಸುಬೆಳಕಿನಲ್ಲಿ ಗೂಡಿನ ಬಳಿ ನಿಂತರೆ ಅಂಚಿನಲ್ಲಿ ಮಲಗಿದ ಬಾತಿನ ಹೊರಗಣ್ಣು ತೆರೆದಿರುವುದು ಕಾಣುತ್ತದೆ. ನೀಲ್ಸ್ ರಾಟನ್‌ಬೋರ್ಗ್ ಮತ್ತು ಸಂಗಡಿಗರು 1999ರಲ್ಲಿ ಮಲ್ಲಾರ್ಡ್ ಎಂಬ ಜಾತಿಯ ಬಾತುಗಳ ಮೇಲೆ ಮಾಡಿದ ಅಧ್ಯಯನ ಇದನ್ನೇ ಹೇಳಿತು. ಸಾಲಿನ ತುದಿಯಲ್ಲಿರುವ ಹಕ್ಕಿ ಮಿದುಳಿನ ಅರ್ಧಭಾಗವನ್ನು ಎಚ್ಚರವಿಟ್ಟು, ಹೊರಗಿನ ಕಡೆಯ ಕಣ್ಣನ್ನು ತೆರೆದು ಮಲಗುತ್ತದೆ; ನಡುವಿನವು ಹೆಚ್ಚಾಗಿ ಎರಡೂ ಕಣ್ಣು ಮುಚ್ಚಿ ನಿದ್ರಿಸುತ್ತವೆ. ಬೆಂಗಳೂರಿನ ಬಂಧುಗಳು ಮಗುವಿನ ಹುಟ್ಟುಹಬ್ಬಕ್ಕೆ ಒಂದೇ ಒಂದು ಬಾತುಮರಿ ಕೊಡಿ ಎಂದು ಕೇಳಿದಾಗ ನಾನು ಕೊಡದೆ ಇದ್ದದ್ದು ಇದಕ್ಕೇ. ಒಂಟಿ ಬಾತಿಗೆ ನಡುವೆ ಮಲಗುವ ರಾತ್ರಿಯೇ ಇಲ್ಲ. ಅವರಿಗೆ ಬೇಸರವಾಯಿತು, ಆದರೂ ಆ ನಿರ್ಧಾರದಲ್ಲಿ ನನಗೆ ಅನುಮಾನವಿಲ್ಲ.

ಗಂಡುಗಳ ಪ್ರಶ್ನೆ ಬೇರೆ. ಐದಾರು ಹೆಣ್ಣಿಗೆ ಒಂದು ಗಂಡು ಸಾಕು, ಹೆಚ್ಚಾದರೆ ಹೆಣ್ಣುಗಳ ಕತ್ತಿನ ಗರಿ ಕಿತ್ತು ಗಾಯವಾಗುತ್ತದೆ. ಆದರೆ ಮೊಟ್ಟೆಯಿಂದ ಬರುವವುಗಳಲ್ಲಿ ಹೆಚ್ಚುಕಡಿಮೆ ಅರ್ಧ ಗಂಡೇ. ಬಾಲದ ಮೇಲೆ ಸುರುಳಿ ಗರಿ ಮೂಡಿದಾಗ ಗೊತ್ತಾಗುತ್ತದೆ. ಹೆಚ್ಚಾದವನ್ನು ಕ್ರಿಸ್‌ಮಸ್ ಹೊತ್ತಿಗೆ ಕೇಳಿಕೊಂಡು ಬರುವವರಿಗೆ ಕೊಡುತ್ತೇವೆ. ಮಗಳಿಗೆ ಅದನ್ನು ಮುಚ್ಚಿಟ್ಟಿಲ್ಲ.

ಮಳೆಗಾಲದ ಇನ್ನೊಂದು ಭಯ ಬೂಷ್ಟು. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು, ಜೊತೆಗೆ ಬಾತುಮರಿಗಳೂ ಸತ್ತಾಗ ಶೇಂಗಾ ಹಿಂಡಿಯ ಬೂಷ್ಟಿನಿಂದ ಬರುವ ಅಫ್ಲಾಟಾಕ್ಸಿನ್ ಎಂಬ ವಿಷ ಬೆಳಕಿಗೆ ಬಂದಿತು. ಸಾಕು ಹಕ್ಕಿಗಳಲ್ಲೆಲ್ಲ ಇದನ್ನು ತಾಳಲಾರದ್ದು ಬಾತು. ಜುಲೈ ತಿಂಗಳ ನಮ್ಮ ಮನೆಗಳಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಹಾಗಾಗಿ ತೌಡು, ಹಿಂಡಿಯನ್ನು ಒಂದು ವಾರಕ್ಕೆ ಬೇಕಾದಷ್ಟೇ ತಂದು, ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತೇವೆ. ವಾಸನೆ ಸ್ವಲ್ಪ ಬದಲಾದರೂ ಬಾಳೆಯ ಬುಡಕ್ಕೆ.

ಹಕ್ಕಿಜ್ವರದ ಸುದ್ದಿ ಬಂದಾಗ ಮಾತ್ರ ಎದೆ ನಡುಗುತ್ತದೆ. 2012ರಲ್ಲಿ ಹೆಸರಘಟ್ಟದಲ್ಲೇ ಕಾಣಿಸಿಕೊಂಡಿತ್ತು. 2014ರಲ್ಲಿ, ಮತ್ತೆ 2024ರ ಏಪ್ರಿಲ್‌ನಲ್ಲಿ ಕೇರಳದ ಆಲಪ್ಪುಳ ಜಿಲ್ಲೆಯ ಬಾತುಗಳಲ್ಲಿ ಬಂದಾಗ ಸುತ್ತಲಿನ ಒಂದು ಕಿಲೋಮೀಟರ್ ಒಳಗಿನ ಹಕ್ಕಿಗಳನ್ನೆಲ್ಲ ಕೊಂದರು. ಕೊಲ್ಲದೆ ಬೇರೆ ದಾರಿಯಿಲ್ಲ ಎಂಬುದು ಅರ್ಥವಾಗುತ್ತದೆ. ಬಾತು ಲಕ್ಷಣ ತೋರಿಸದೆಯೇ ವೈರಸ್ ಹೊತ್ತು ತಿರುಗಬಲ್ಲದು, ಕೋಳಿಗೆ ದಾಟಿಸಬಲ್ಲದು. ಆದರೆ ಚೀಲಗಳ ರಾಶಿಯ ಪಕ್ಕದಲ್ಲಿ ನಿಂತ ಆ ರೈತರ ಚಿತ್ರಗಳನ್ನು ಪತ್ರಿಕೆಯಲ್ಲಿ ನೋಡಿದ ದಿನ ಮನೆಯಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ. ಅಂದಿನಿಂದ ಕೋಳಿಗೂಡು ಅಂಗಳದ ಆ ಬದಿಗೆ, ಬಾತಿನ ಗೂಡು ಈ ಬದಿಗೆ ಹೋಗಿದೆ. ಚಳಿಗಾಲದಲ್ಲಿ ಬೈಲಿಗೆ ವಲಸೆ ಹಕ್ಕಿಗಳು ಇಳಿದಾಗ ನಮ್ಮವು ಆವರಣದೊಳಗೇ ಇರುತ್ತವೆ.

ಈಗ ಮನೆಯಲ್ಲಿ ನಡೆಯುತ್ತಿರುವ ಚರ್ಚೆ ಕೆರೆಯದು. ಅಡಿಕೆ ತೋಟದ ಕೆಳತುದಿಯಲ್ಲಿ, ಮಳೆಗಾಲದ ಒರತೆ ಡಿಸೆಂಬರ್‌ವರೆಗೂ ಜಿನುಗುವ ಜಾಗವೊಂದಿದೆ. ಅಲ್ಲಿ ಅಗೆದರೆ ಫೆಬ್ರವರಿಯವರೆಗಾದರೂ ನೀರು ನಿಲ್ಲುತ್ತದೆ ಎಂಬುದು ಅತ್ತೆಯ ಅಂದಾಜು. ನನ್ನ ಗಂಡನಿಗೆ ಬಾವಿಯ ಬಳಿಯೇ ಕೆಂಪುಕಲ್ಲಿನ ತೊಟ್ಟಿ ಕಟ್ಟಿಸುವ ಆಸೆ, ಬಗ್ಗಿಸಿ ತೊಳೆಯಲು ಅನುಕೂಲ ಎನ್ನುತ್ತಾರೆ. ಕಲ್ಲಿನ ನೆಲ ಬಾತಿನ ಅಂಗಾಲಿಗೆ ಆಗದು, ಗಾಯವಾಗಿ ಕೀವು ತುಂಬುತ್ತದೆ ಎಂದು ನಾನು ವಾದಿಸುತ್ತಿದ್ದೇನೆ. ಗದ್ದೆಯ ಯಜಮಾನರು ಮೊನ್ನೆ ಬಂದು ಒರತೆಯ ಜಾಗವನ್ನು ಕೋಲಿನಿಂದ ಚುಚ್ಚಿ ನೋಡಿ, ಮಣ್ಣು ಜೇಡಿಯಿದೆ, ನೀರು ಇಂಗುವುದಿಲ್ಲ ಎಂದಿದ್ದಾರೆ. ಸುಗ್ಗಿ ಮುಗಿದ ಮೇಲೆ ಅಗೆಯಲು ಆಳುಗಳನ್ನು ಅವರೇ ಮಾತಾಡಿಕೊಡುತ್ತಾರಂತೆ.